ಹಿಮನಾಡಿನ ಮಣ್ಣಿನಲ್ಲಿ ಬೇರುಣ್ಣುವ ಹುಳುಗಳು: ಗುರುತಿಸುವ ಬಗೆ, ಎಣಿಸುವ ಬಗೆ

ಮಣ್ಣಿನ ಜೀವಿಗಳ ಪಾಠ ಬಂದಾಗ ನಾವು ಸಾಮಾನ್ಯವಾಗಿ ಎರೆಹುಳುವಿನಿಂದ ಆರಂಭಿಸಿ, ಇರುವೆ ಗೆದ್ದಲುಗಳನ್ನು ಹೆಸರಿಸಿ, ಅಲ್ಲಿಂದ ನೇರವಾಗಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಜಿಗಿಯುತ್ತೇವೆ. ಈ ಜಿಗಿತದಲ್ಲಿ ಒಂದು ದೊಡ್ಡ ಸಮೂಹ ಕೈಬಿಟ್ಟುಹೋಗುತ್ತದೆ. ಅದು ನೆಮಟೋಡ್ ಎಂಬ ದುಂಡುಹುಳುಗಳ ಸಮೂಹ. ಮಣ್ಣಿನಲ್ಲಿರುವ ಇವುಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಪಾರದರ್ಶಕವಾದ ಮೈ, ದಾರದಂಥ ಆಕಾರ. ಬರಿಗಣ್ಣಿಗೆ ಕಾಣದಿದ್ದರೂ ಶಾಲೆಯ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಸಿಕ್ಕುವಂಥವು. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಇವನ್ನು ‘ಜಂತುಹುಳು’ ಎಂದೂ ಬರೆಯುವುದುಂಟು. ಆದರೆ ಆ ಮಾತನ್ನು ಕೇಳಿದೊಡನೆ ಮಕ್ಕಳಿಗೆ ಹೊಟ್ಟೆಯ ಹುಳು ಮತ್ತು ಅದಕ್ಕೆ ಕೊಡುವ ಮಾತ್ರೆ ನೆನಪಾಗುತ್ತವೆ. ಆದುದರಿಂದ ಈ ಲೇಖನದಲ್ಲಿ ‘ದುಂಡುಹುಳು’ ಎಂಬ ಪದವನ್ನೇ ಬಳಸಲಾಗಿದೆ. ತರಗತಿಯಲ್ಲಿಯೂ ಅದೇ ಲೇಸು.

ಈ ಹುಳುಗಳೆಲ್ಲವೂ ಕೆಡುಕಿನವಲ್ಲ. ಕೆಲವು ಬ್ಯಾಕ್ಟೀರಿಯಾ ತಿನ್ನುತ್ತವೆ, ಕೆಲವು ಶಿಲೀಂಧ್ರದ ಎಳೆಗಳನ್ನು ಹೀರುತ್ತವೆ, ಕೆಲವು ತಮ್ಮ ಜಾತಿಬಾಂಧವರನ್ನೇ ಬೇಟೆಯಾಡುತ್ತವೆ. ಜೀವಂತ ಸಸ್ಯದ ಬೇರನ್ನು ಚುಚ್ಚಿ ರಸ ಹೀರಿ ಬದುಕುವ ಪರಾವಲಂಬಿಗಳು ಇವುಗಳಲ್ಲಿ ಒಂದು ಪಾಲು ಮಾತ್ರ. ಆ ಪಾಲು ಎಷ್ಟು? ಮೇಲ್ನೋಟಕ್ಕೆ ಇದು ಸರಳವಾದ ಪ್ರಶ್ನೆ. ಆರ್ಕ್ಟಿಕ್ ಪ್ರದೇಶದ ಮಣ್ಣನ್ನು ಎದುರಿಗಿಟ್ಟುಕೊಂಡು ಇದಕ್ಕೆ ಉತ್ತರ ಹುಡುಕಹೊರಟರೆ, ಅಳತೆ ಎಂದರೇನು ಎಂಬುದನ್ನೇ ಮೊದಲಿನಿಂದ ಯೋಚಿಸಬೇಕಾಗುತ್ತದೆ. ವಿಜ್ಞಾನ ಶಿಕ್ಷಕರಿಗೆ ಈ ವಿಷಯವನ್ನು ಪರಿಚಯಿಸಲು ಅದೇ ಮುಖ್ಯ ಕಾರಣ.

ಚಳಿನಾಡೇ ಏಕೆ?

ಬಿಸಿಲು ಮಳೆ ಧಾರಾಳವಾಗಿರುವಲ್ಲಿ ಜೀವಿಗಳು ಹೆಚ್ಚು, ಹಿಮವಿರುವಲ್ಲಿ ಕಡಿಮೆ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿರುವ ಚಿತ್ರ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಜಗತ್ತಿನ ನಾನಾ ಭಾಗಗಳ 6,759 ಮಣ್ಣಿನ ಮಾದರಿಗಳ ಲೆಕ್ಕವನ್ನು ಒಂದುಗೂಡಿಸಿತು. ಭೂಮಿಯ ಮೇಲ್ಮಣ್ಣಿನಲ್ಲಿರುವ ದುಂಡುಹುಳುಗಳ ಒಟ್ಟು ಸಂಖ್ಯೆ, 44ರ ಮುಂದೆ 19 ಸೊನ್ನೆಗಳನ್ನು ಇಟ್ಟಷ್ಟು ಎಂದು ಅದು ಅಂದಾಜಿಸಿತು. ಅದರಲ್ಲಿ ಶೇ. 38ರಷ್ಟು ಆರ್ಕ್ಟಿಕ್‌ನ ಅಂಚಿನ ಶೀತಪ್ರದೇಶಗಳಲ್ಲಿಯೇ ಇವೆ. ಉಷ್ಣವಲಯದ ಪಾಲು ಶೇ. 21 ಮಾತ್ರ. ಚಳಿಯಲ್ಲಿ ಕೊಳೆಯುವಿಕೆ ನಿಧಾನವಾದ್ದರಿಂದ ಅಲ್ಲಿನ ಮಣ್ಣಿನಲ್ಲಿ ಸತ್ತ ಸಸ್ಯಭಾಗಗಳು ಶತಮಾನಗಳಿಂದ ಶೇಖರವಾಗಿವೆ. ಅವನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳನ್ನು ತಿನ್ನಲು ದುಂಡುಹುಳುಗಳಿವೆ.

ಬೇರುಣ್ಣುವವುಗಳ ಮಾತು ಬೇರೆ. ಟಂಡ್ರಾದಲ್ಲಿ ಮರಗಳಿಲ್ಲ, ಜೇಕಿನ ಹುಲ್ಲು, ಹಾವಸೆ, ಗೇಣುದ್ದವೂ ಏಳದ ಕುಬ್ಜ ವಿಲೋ, ನೆಲಕ್ಕಂಟಿದ ಹೂಗಿಡಗಳು ಇವಿಷ್ಟೆ. ಹುಲ್ಲು ಜೇಕುಗಳ ಟಂಡ್ರಾದಲ್ಲಿ ಸಸ್ಯದೇಹದ ಬಹುಪಾಲು ನೆಲದಡಿಯಲ್ಲಿ ಬೇರಾಗಿಯೇ ಇರುತ್ತದೆ. ನಾವು ನೋಡುವ ಹಸುರು ಅದರ ಸಣ್ಣ ತುದಿ ಮಾತ್ರ. ಹೀಗಿರುವಾಗ ಬೇರನ್ನು ತಿನ್ನುವ ಜೀವಿ ಎಷ್ಟಿದೆಯೆಂಬುದು ಆ ಇಡೀ ಸಸ್ಯಸಮುದಾಯದ ಆಗುಹೋಗಿಗೆ ಸಂಬಂಧಿಸಿದ ಸಂಗತಿ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂದು 2022ರ ಒಂದು ಅಧ್ಯಯನ ತೋರಿಸಿದೆ. ಬೇಸಿಗೆ ದೀರ್ಘವಾದರೆ ಹುಳುಗಳಿಗೆ ಉಣ್ಣಲು, ಮರಿಮಾಡಲು ಹೆಚ್ಚು ದಿನಗಳು ಸಿಕ್ಕುತ್ತವೆ. ಉತ್ತರ ನಾರ್ವೆಯಲ್ಲಿ ಆರ್ಕ್ಟಿಕ್ ವೃತ್ತದಾಚೆಗೂ ಆಲೂಗಡ್ಡೆ ಬೆಳೆಯುತ್ತಾರೆ. ಬೆಳೆ ಹೋದಲ್ಲಿಗೆ ಅದರ ಮಣ್ಣೂ ಹೋಗುತ್ತದೆ. ಸ್ವಾಲ್ಬಾರ್ಡ್ ದ್ವೀಪಸ್ತೋಮದ ಬಾರೆಂಟ್ಸ್‌ಬರ್ಗ್ ಎಂಬ ಗಣಿಯೂರಿಗೆ ಗಾಜಿನ ಮನೆಯ ಬೇಸಾಯಕ್ಕೆಂದು ಹೊರಗಿನಿಂದ ತಂದ ಮಣ್ಣಿನೊಂದಿಗೆ, ಆ ದ್ವೀಪದಲ್ಲಿ ಹಿಂದೆ ಇರದಿದ್ದ ಸಣ್ಣ ಜೀವಿಗಳೂ ಬಂದು ಸೇರಿದುದನ್ನು 2013ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮುಂದೊಂದು ದಿನ ‘ಹುಳು ಹೆಚ್ಚಿತು’ ಎನ್ನಬೇಕಾದರೆ ಇಂದಿನ ಲೆಕ್ಕ ನಂಬುವಂತಿರಬೇಕು.

ಇಂಥ ಲೆಕ್ಕಕ್ಕೆ ಹಳೆಯ ಆಧಾರ ಬಹಳವಿಲ್ಲ. 1883ರಲ್ಲಿ ಸ್ವೀಡನ್ನಿನ ಔರಿವಿಲಿಯಸ್ ಸ್ಪಿಟ್ಸ್‌ಬರ್ಗನ್‌ನ ಹಿಮದಲ್ಲಿ ಸಿಕ್ಕ ಒಂದು ದುಂಡುಹುಳುವನ್ನು ವರ್ಣಿಸಿದನು. 1963ರಲ್ಲಿ ಮಲ್ವೆ ಎಂಬವರು ಕೆನಡಾದ ಆರ್ಕ್ಟಿಕ್ ಮತ್ತು ಅಲಾಸ್ಕಾದ ಹುಳುಗಳನ್ನೂ, 1971ರಲ್ಲಿ ನೆದರ್ಲೆಂಡ್ಸಿನ ಲೂಫ್ ಸ್ಪಿಟ್ಸ್‌ಬರ್ಗನ್‌ನ ಹುಳುಗಳನ್ನೂ ಪಟ್ಟಿ ಮಾಡಿದರು. ಎರಡರಲ್ಲಿಯೂ ಸಸ್ಯಪರಾವಲಂಬಿಗಳು ಸೇರಿದ್ದವು. ಇಂಥ ಪಟ್ಟಿಗಳು ಮುಖ್ಯವಾಗಿ ಯಾವುವು ಇವೆ ಎಂಬುದನ್ನು ಹೇಳುತ್ತವೆ. ಎಷ್ಟಿವೆ ಎಂಬುದಕ್ಕೆ ಬೇರೆಯೇ ದಾರಿ ಬೇಕು.

ಮಣ್ಣಿನಿಂದ ಹುಳುವನ್ನು ಹೊರತರುವುದು

ಆರ್ಕ್ಟಿಕ್‌ನಲ್ಲಿ ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಬೇಸಿಗೆಯಲ್ಲಿ ಕರಗುವುದು ಮೇಲಿನ ಪದರ ಮಾತ್ರ. ಹೆಪ್ಪುಗಟ್ಟುವ, ಕರಗುವ ಆಟದಿಂದ ಆ ನೆಲ ದಿಬ್ಬ ತಗ್ಗುಗಳಾಗಿ ಒಡೆದಿರುತ್ತದೆ. ದಿಬ್ಬದ ಮೇಲೊಂದು ಸಸ್ಯ, ಎರಡು ಅಡಿ ಆಚೆ ತಗ್ಗಿನಲ್ಲಿ ಇನ್ನೊಂದು, ನಡುವೆ ಬರಿಯ ಮಣ್ಣು. ಹುಳುಗಳು ಬೇರಿನ ಸುತ್ತ ಗುಂಪಾಗಿರುವುದರಿಂದ ಒಂದೇ ಕಡೆಯ ಒಂದು ಹಿಡಿ ಮಣ್ಣು ಏನನ್ನೂ ಹೇಳಲಾರದು. ಹಲವು ಕಡೆ ಕೊಳವೆಯಿಂದ ಮಣ್ಣು ತೆಗೆದು, ಒಂದೊಂದು ಬಗೆಯ ನೆಲದ್ದನ್ನು ಬೇರೆಬೇರೆಯಾಗಿಟ್ಟು, ಬಿಸಿಯೂ ಆಗದಂತೆ ಹೆಪ್ಪೂ ಗಟ್ಟದಂತೆ ಪ್ರಯೋಗಾಲಯಕ್ಕೆ ಸಾಗಿಸಬೇಕು.

ಅಲ್ಲಿ ಬಹುಮಂದಿ ಬಳಸುವುದು ಬೇರ್ಮನ್ ಆಲಿಕೆಯನ್ನು. ಇದು ಹುಟ್ಟಿದ್ದು ಹಿಮನಾಡಿನಲ್ಲಲ್ಲ, ಸುಡುಬಿಸಿಲಿನ ಜಾವಾದಲ್ಲಿ ಎಂಬುದು ಸ್ವಾರಸ್ಯ. 1917ರಲ್ಲಿ ಬೇರ್ಮನ್ ಎಂಬ ವೈದ್ಯರು ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳನ್ನು ಹಿಡಿಯಲು ಇದನ್ನು ರೂಪಿಸಿದರು. ಆಲಿಕೆಯ ಕೊನೆಗೆ ರಬ್ಬರ್ ಕೊಳವೆ ಸಿಕ್ಕಿಸಿ ಕ್ಲಿಪ್ಪಿನಿಂದ ಬಿಗಿದು, ಆಲಿಕೆಯ ತುಂಬ ನೀರು ಹಾಕಿ, ಮೇಲೆ ಜಾಲರಿಯಲ್ಲಿ ತೆಳುಕಾಗದ ಹಾಸಿ, ಅದರ ಮೇಲೆ ಮಣ್ಣನ್ನು ನೀರಿಗೆ ತಾಗುವಂತೆ ಇಡುತ್ತಾರೆ. ಹುಳುಗಳು ನುಲಿಯುತ್ತ ಕಾಗದವನ್ನು ದಾಟಿ ನೀರಿಗಿಳಿಯುತ್ತವೆ. ನೀರಿನಲ್ಲಿ ಈಜಿ ಮೇಲೇರಲಾರದೆ ತಳಕ್ಕೆ ಬಿದ್ದು ಕೊಳವೆಯಲ್ಲಿ ಕೂಡಿಕೊಳ್ಳುತ್ತವೆ. ಒಂದೆರಡು ದಿನಗಳ ಅನಂತರ ಕ್ಲಿಪ್ಪನ್ನು ಸಡಿಲಿಸಿದರೆ ಮೊದಲ ಕೆಲವು ಹನಿಗಳಲ್ಲಿಯೇ ಅವು ಸಿಕ್ಕುತ್ತವೆ.

ಉಪಾಯವೇನೋ ಸೊಗಸಾಗಿದೆ. ಆದರೆ ತಾನಾಗಿ ಚಲಿಸುವ ಹುಳು ಮಾತ್ರ ಇಲ್ಲಿ ಲೆಕ್ಕಕ್ಕೆ ಸಿಕ್ಕುತ್ತದೆ ಎಂಬುದನ್ನು ಗಮನಿಸಬೇಕು. ಶೀತಪ್ರದೇಶದ ದುಂಡುಹುಳುಗಳಲ್ಲಿ ಹಲವು ಒಣಗಿ, ಸುರುಳಿಸುತ್ತಿ, ಬದುಕನ್ನು ತಡೆಹಿಡಿದು ಮಲಗಬಲ್ಲವು. ಸೈಬೀರಿಯದ ಹೆಪ್ಪುನೆಲದಿಂದ ತೆಗೆದ ಒಂದು ಹುಳು ಸುಮಾರು 46,000 ವರ್ಷಗಳ ಅನಂತರ ಎಚ್ಚತ್ತು ಮರಿಮಾಡಿದ ಸಂಗತಿ 2023ರಲ್ಲಿ ಪ್ರಕಟವಾಯಿತು. ಅದು ಬೇರುಣ್ಣುವ ಜಾತಿಯದಲ್ಲ, ಬ್ಯಾಕ್ಟೀರಿಯಾ ತಿನ್ನುವಂಥದು. ಆದರೂ ನಿದ್ರೆಯ ಆಳ ಎಷ್ಟಿರಬಹುದೆಂಬುದಕ್ಕೆ ಸಾಕ್ಷಿ. ನಿದ್ರಿಸುವ ಹುಳು ಕಾಗದ ದಾಟುವುದಿಲ್ಲ. ಇನ್ನೊಂದು ವಿಧಾನದಲ್ಲಿ ಮಣ್ಣನ್ನು ಸಕ್ಕರೆಯ ದ್ರಾವಣದೊಂದಿಗೆ ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಮಣ್ಣು ತಳಕ್ಕೆ ಹೋಗಿ ಹಗುರವಾದ ಹುಳು ತೇಲುತ್ತದೆ. ಇಲ್ಲಿ ಎದ್ದದ್ದೂ ಮಲಗಿದ್ದೂ ಒಟ್ಟಿಗೆ ಬರುತ್ತವೆ. ಈಗಷ್ಟೇ ಸತ್ತದ್ದೂ ಬರುತ್ತದೆ. ಹಿಮನೆಲದ ಹಾವಸೆ ಬೆರೆತ ಮಣ್ಣಿನಲ್ಲಿ ಕಸವೂ ಹಗುರವಾದ್ದರಿಂದ ಅದೂ ತೇಲಿ ಎಣಿಕೆಯವರ ಕಣ್ಣನ್ನು ದಣಿಸುತ್ತದೆ. ಬೇರಿನೊಳಗೇ ಸೇರಿಕೊಂಡಿರುವ ಹುಳುಗಳಿಗಂತೂ ಬೇರನ್ನೇ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಹೀಗೆ ಎರಡು ತಂಡಗಳು ಒಂದೇ ದಿಬ್ಬದ ಮಣ್ಣಿನಿಂದ ಎರಡು ಸಂಖ್ಯೆಗಳನ್ನು ಪ್ರಾಮಾಣಿಕವಾಗಿಯೇ ಪಡೆಯಬಹುದು.

ಸೂಜಿಯಿದ್ದವೆಲ್ಲ ಪರಾವಲಂಬಿಯೆ?

ಬೇರುಣ್ಣುವ ಹುಳುವನ್ನು ಗುರುತಿಸಲು ಮೊದಲು ನೋಡುವುದು ಬಾಯಿ. ಬ್ಯಾಕ್ಟೀರಿಯಾ ತಿನ್ನುವವುಗಳ ಬಾಯಿ ಬರಿದಾದ ಕೊಳವೆ. ಸಸ್ಯಪರಾವಲಂಬಿಯ ಬಾಯಿಯಲ್ಲಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಾದ, ಹೊರಚಾಚಬಲ್ಲ ಒಂದು ಮುಳ್ಳಿರುತ್ತದೆ. ಸ್ಟೈಲೆಟ್ ಎಂದು ಅದರ ಹೆಸರು. ದೊಡ್ಡ ಗುಂಪೊಂದರಲ್ಲಿ ಈ ಸೂಜಿಯ ಬುಡದಲ್ಲಿ ಮೂರು ಸಣ್ಣ ಗುಬುಟುಗಳು ಕಾಣುತ್ತವೆ. ಸೂಜಿಯ ಉದ್ದ, ಗುಬುಟಿನ ಆಕಾರ, ಗಂಟಲನಾಳದ ನಡುವಿನ ಉಬ್ಬು, ಬಾಲದ ತುದಿ, ಹೆಣ್ಣಿನ ಜನನರಂಧ್ರ ಮೈಯ ಯಾವ ಭಾಗದಲ್ಲಿದೆ ಎಂಬುದು – ಇವುಗಳಿಂದ ಕುಲವನ್ನು ಹೇಳುತ್ತಾರೆ. ಹದವಾದ ಬಿಸಿನೀರಿನಲ್ಲಿ ಸಾಯಿಸಿದಾಗ ಹುಳು ಯಾವ ಭಂಗಿಯಲ್ಲಿ ನಿಲ್ಲುತ್ತದೆ ಎಂಬುದೂ ಒಂದು ಗುರುತು: ಹೆಲಿಕೊಟೈಲೆಂಕಸ್ ಸುರುಳಿಯಾಗುತ್ತದೆ, ಪ್ರಾಟಿಲೆಂಕಸ್ ಹೆಚ್ಚುಕಡಿಮೆ ನೇರವಾಗಿ ಉಳಿಯುತ್ತದೆ.

ಅಳತೆಗೆ ಒಂದು ಹಳೆಯ ಜಾಣ್ಮೆಯಿದೆ. ನೆದರ್ಲೆಂಡ್ಸಿನ ದ ಮಾನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬರಿಯ ಉದ್ದವನ್ನು ನೆಚ್ಚದೆ ಅನುಪಾತಗಳನ್ನು ಬಳಸಿದನು. ಮೈಯ ಉದ್ದವನ್ನು ಅಗಲದಿಂದ, ಗಂಟಲನಾಳದ ಉದ್ದದಿಂದ, ಬಾಲದ ಉದ್ದದಿಂದ ಭಾಗಿಸಿ ಮೂರು ಸಂಖ್ಯೆಗಳನ್ನು ಪಡೆದನು. ಹುಳು ಸಣ್ಣದಿರಲಿ ದೊಡ್ಡದಿರಲಿ, ಪ್ರಾಯದ ಹುಳುವಿನಲ್ಲಿ ಈ ಅನುಪಾತಗಳು ಬರಿಯ ಉದ್ದಕ್ಕಿಂತ ಕಡಿಮೆ ಏರುಪೇರಾಗುತ್ತವೆ. ಅನುಪಾತ ಮತ್ತು ಸಮಾನುಪಾತದ ಪಾಠಕ್ಕೆ ಇದಕ್ಕಿಂತ ಜೀವಂತವಾದ ಉದಾಹರಣೆ ಸಿಕ್ಕುವುದು ಕಷ್ಟ. ತೊಡಕೆಂದರೆ ಮಣ್ಣಿನ ಮಾದರಿಯಲ್ಲಿ ಸಾಮಾನ್ಯವಾಗಿ ಮರಿಗಳೇ ಹೆಚ್ಚು; ಬಹಳಷ್ಟು ಗುರುತುಗಳು ಬೆಳೆದ ಹೆಣ್ಣಿನಲ್ಲಿ ಮಾತ್ರ ಸ್ಪಷ್ಟ.

ನಿಜವಾದ ಬಿಕ್ಕಟ್ಟು ಇದಕ್ಕಿಂತ ಮುಂದಿದೆ. ಟಂಡ್ರಾದ ಮಣ್ಣಿನಲ್ಲಿ ಸೂಜಿಬಾಯಿಯವುಗಳನ್ನು ಆರಿಸಿದಾಗ, ಟೈಲೆಂಕಸ್ ಮತ್ತು ಅದರ ಹತ್ತಿರದ ಬಂಧುಗಳು ಪದೇಪದೇ ಎದುರಾಗುತ್ತವೆ. ಇವುಗಳ ಸೂಜಿ ಬಲು ಸಣ್ಣದು, ಕೋಮಲವಾದುದು. ಗಟ್ಟಿಬೇರಿನ ಒಳಕ್ಕೆ ಇಳಿಯಲಾರದು. ಬೇರಿನ ನವಿರುರೋಮವನ್ನೋ ಪಾಚಿಯನ್ನೋ ಹಾವಸೆಯನ್ನೋ ಶಿಲೀಂಧ್ರದ ಎಳೆಯನ್ನೋ ಅವು ಹೀರುತ್ತವೆ. ಹುಳುಗಳನ್ನು ಆಹಾರಕ್ಕನುಗುಣವಾಗಿ ವಿಂಗಡಿಸಲು ಸಂಶೋಧಕರು ಇಂದಿಗೂ ನೆಚ್ಚುವ 1993ರ ಪಟ್ಟಿಯಲ್ಲಿ ಇವು ಸಸ್ಯಾಹಾರಿಗಳ ಸಾಲಿನಲ್ಲಿ, ಬೇರುರೋಮ ಹೀರುವವು ಎಂಬ ಉಪವಿಭಾಗದಲ್ಲಿ ಕುಳಿತಿವೆ. ಆದರೆ ಇದೇ ಬಳಗದ ಕೆಲವನ್ನು ಪ್ರಯೋಗಾಲಯದಲ್ಲಿ ಬರಿಯ ಶಿಲೀಂಧ್ರದ ಮೇಲೆಯೇ ಸಾಕಿದ್ದಾರೆ. ಇವನ್ನು ಪರಾವಲಂಬಿಗಳ ಲೆಕ್ಕಕ್ಕೆ ಸೇರಿಸಿದರೆ ಟಂಡ್ರಾದ ಬೇರುಗಳಿಗೆ ದೊಡ್ಡ ಕಂಟಕವಿದೆ ಎನಿಸುತ್ತದೆ. ಬಿಟ್ಟರೆ ಪರಾವಲಂಬಿಗಳು ವಿರಳ ಎನಿಸುತ್ತದೆ. ಮಣ್ಣು ಅದೇ, ಹುಳು ಅದೇ, ಸೂಕ್ಷ್ಮದರ್ಶಕವೂ ಅದೇ. ಬದಲಾದದ್ದು ಹೆಸರಿನ ಪೆಟ್ಟಿಗೆ ಮಾತ್ರ. ಇವನ್ನು ಎರಡು ಪಂಗಡಕ್ಕೂ ಸೇರಿಸದೆ ಮೂರನೆಯದೊಂದು ಸಾಲಿನಲ್ಲಿ ಬೇರೆಯಾಗಿ ತೋರಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಓದುವವರು ಬೇಕಾದಂತೆ ಕೂಡಿಕೊಳ್ಳಬಹುದು.

ಈಚೆಗೆ ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು ಜಾತಿಗಳನ್ನು ಗುರುತಿಸುವ ವಿಧಾನ ಬಳಕೆಗೆ ಬಂದಿದೆ. ಮರಿಗಳನ್ನೂ ಅದು ಗುರುತಿಸುತ್ತದೆ, ಒಂದೇ ರೂಪದ ಎರಡು ಜಾತಿಗಳನ್ನೂ ಬೇರ್ಪಡಿಸುತ್ತದೆ. ಎಣಿಕೆಯಲ್ಲಿ ಮಾತ್ರ ಎಚ್ಚರ ಬೇಕು. ಗುರುತಿಗೆ ಬಳಸುವ ವಂಶವಾಹಿಯ ಪ್ರತಿಗಳು ಒಂದು ಹುಳುವಿನಲ್ಲಿ ಇದ್ದಷ್ಟೇ ಇನ್ನೊಂದರಲ್ಲಿರುವುದಿಲ್ಲ. ದೊಡ್ಡದೊಂದು ಹುಳು ಹತ್ತು ಮರಿಗಳ ಸದ್ದು ಮಾಡಬಹುದು. ಸೂಕ್ಷ್ಮದರ್ಶಕದ ಮುಂದೆ ಕುಳಿತು ಒಂದೊಂದನ್ನೇ ನೋಡುವ ಹಳೆಯ ಪರಿಣತಿ ಇನ್ನೂ ಬೇಕೇಬೇಕು.

ಯಾವುದಕ್ಕೆ ಎಷ್ಟು?

ಎಣಿಸಿದ ಮೇಲೆ ಸಂಖ್ಯೆಯನ್ನು ಯಾವುದರ ಪ್ರಮಾಣದಲ್ಲಿ ಹೇಳಬೇಕು? ರೂಢಿಯಲ್ಲಿರುವುದು 100 ಗ್ರಾಂ ಒಣಮಣ್ಣಿಗೆ ಎಷ್ಟು ಎಂಬುದು. ಒಂದು ಲೆಕ್ಕ ಹಾಕಿ ನೋಡೋಣ. ಸಂಖ್ಯೆಗಳು ಕಲ್ಪಿತ, ತತ್ತ್ವ ನಿಜ. ಒಂದು ಹೊಲದ 50 ಗ್ರಾಂ ಹಸಿಮಣ್ಣಿನಲ್ಲಿ 240 ಹುಳುಗಳು ಸಿಕ್ಕಿದುವು. ಆ ಮಣ್ಣನ್ನು ಒಣಗಿಸಿದರೆ 37.5 ಗ್ರಾಂ ಉಳಿಯುತ್ತದೆ. ಅಂದರೆ 100 ಗ್ರಾಂ ಒಣಮಣ್ಣಿಗೆ 640 ಹುಳು. ಇನ್ನು ಟಂಡ್ರಾದ ಹಾವಸೆ ಕೊಳೆತ ಪೀಟ್ ಮಣ್ಣಿನ 50 ಗ್ರಾಮಿನಲ್ಲಿಯೂ 240 ಹುಳುಗಳೇ ಸಿಕ್ಕಿದುವು ಎಂದಿಟ್ಟುಕೊಳ್ಳೋಣ. ಆ ಮಣ್ಣು ನೀರು ಹೀರಿದ ಸ್ಪಂಜಿನಂತೆ. ಒಣಗಿಸಿದರೆ ಉಳಿಯುವುದು 10 ಗ್ರಾಂ. ಅಲ್ಲಿಗೆ 100 ಗ್ರಾಮಿಗೆ 2,400 ಹುಳು! ಟಂಡ್ರಾದಲ್ಲಿ ಹೊಲಕ್ಕಿಂತ ಸುಮಾರು ನಾಲ್ಕು ಪಟ್ಟು ಹುಳುಗಳಿವೆ ಎಂದು ಬರೆಯಬಹುದು.

ಈಗ ತೂಕವನ್ನು ಬಿಟ್ಟು ನೆಲವನ್ನು ನೋಡೋಣ. ಒಂದು ಚದರ ಮೀಟರ್ ನೆಲದ ಮೇಲಿನ 10 ಸೆಂಟಿಮೀಟರ್ ಪದರವೆಂದರೆ 1,00,000 ಘನ ಸೆಂಟಿಮೀಟರ್. ಹೊಲದ ಮಣ್ಣು ಘನ ಸೆಂಟಿಮೀಟರಿಗೆ 1.2 ಗ್ರಾಂ ತೂಗಿದರೆ ಆ ಪದರದಲ್ಲಿ 120 ಕಿಲೋಗ್ರಾಂ ಒಣಮಣ್ಣು, ಅದರಲ್ಲಿ 7,68,000 ಹುಳುಗಳು. ಪೀಟ್ ಮಣ್ಣು 0.1 ಗ್ರಾಂ ತೂಗಿದರೆ ಅದೇ ಪದರದಲ್ಲಿ 10 ಕಿಲೋಗ್ರಾಂ, ಅದರಲ್ಲಿ 2,40,000 ಹುಳುಗಳು. ಹೆಚ್ಚು ಕಡಿಮೆಗಳು ಅದಲುಬದಲಾದುವು. ಬೇರು ಬೆಳೆಯುವುದು ನೆಲದ ಜಾಗದಲ್ಲಿ, ತಕ್ಕಡಿಯ ತಟ್ಟೆಯಲ್ಲಲ್ಲ. ಆದುದರಿಂದ ಬೇರಿಗೆ ಎಷ್ಟು ಹೊರೆ ಎಂದು ಕೇಳುವಾಗ ಚದರ ಮೀಟರಿನ ಲೆಕ್ಕವೇ ಅರ್ಥಪೂರ್ಣ. ತೂಕದ ಲೆಕ್ಕವನ್ನಷ್ಟೇ ಕೊಟ್ಟು ಮಣ್ಣಿನ ಸಾಂದ್ರತೆಯನ್ನು ಹೇಳದ ವರದಿಗಳನ್ನು ಎಚ್ಚರದಿಂದ ಓದಬೇಕು.

ಸಂಖ್ಯೆಯ ಬದಲು ತೂಕವನ್ನು ಅಂದಾಜಿಸುವುದೂ ಉಂಟು. ಹಂಗೇರಿಯ ಆಂಡ್ರಾಶಿ 1956ರಲ್ಲಿ ಕೊಟ್ಟ ಸೂತ್ರ ಹೀಗಿದೆ: ಮೈಕ್ರೊಮೀಟರಿನಲ್ಲಿ ಅಳೆದ ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ 16,00,000ದಿಂದ ಭಾಗಿಸಿದರೆ ಮೈಕ್ರೊಗ್ರಾಮಿನಲ್ಲಿ ತೂಕ ಬರುತ್ತದೆ. 600 ಮೈಕ್ರೊಮೀಟರ್ ಉದ್ದ, 20 ಮೈಕ್ರೊಮೀಟರ್ ಅಗಲದ ಹುಳುವಿನ ತೂಕ 0.15 ಮೈಕ್ರೊಗ್ರಾಂ. ಅಗಲ ಇಮ್ಮಡಿಯಾದರೆ ತೂಕ ನಾಲ್ಮಡಿಯಾಗುತ್ತದೆ. ಮಕ್ಕಳೇ ಇದನ್ನು ಕಂಡುಕೊಳ್ಳಲಿ.

ನಮ್ಮ ನೆರೆಹೊರೆಯ ಕೊಂಡಿಗಳು

ಇಷ್ಟು ದೂರದ ವಿಷಯ ನಮ್ಮ ಮಕ್ಕಳಿಗೇಕೆ ಎಂಬ ಪ್ರಶ್ನೆ ತರಬೇತಿಗಳಲ್ಲಿ ಬಾರದಿರದು. ನೀಲಗಿರಿಯ ಶಿಕ್ಷಕರಿಗೆ ಉತ್ತರ ಕಾಲಡಿಯಲ್ಲೇ ಇದೆ. ಆಲೂಗಡ್ಡೆಯ ಬೇರಿನ ಮೇಲೆ ಸಾಸಿವೆಗಿಂತ ಸಣ್ಣ ಕೋಶಗಳಾಗಿ ಕಾಣುವ ಕೋಶ ದುಂಡುಹುಳು ತಂಪುನಾಡಿನ ಪರಾವಲಂಬಿ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 1961ರಲ್ಲಿ, ಉದಕಮಂಡಲದ ಬಳಿ. ಗುರುತಿಸಿದವರು ಜೋನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ. ಸತ್ತ ಹೆಣ್ಣಿನ ಮೈಯೇ ಗಟ್ಟಿಯಾಗಿ ನೂರಾರು ಮೊಟ್ಟೆಗಳ ಡಬ್ಬಿಯಾಗುತ್ತದೆ. ಆ ಡಬ್ಬಿ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯಬಲ್ಲದು, ಬಿತ್ತನೆ ಗೆಡ್ಡೆಗೆ ಅಂಟಿದ ಮಣ್ಣಿನೊಂದಿಗೆ ಊರೂರು ಸುತ್ತಬಲ್ಲದು. ನೀಲಗಿರಿಯ ಬಿತ್ತನೆ ಆಲೂಗಡ್ಡೆಯನ್ನು ಹೊರಗೆ ಸಾಗಿಸಲು ನಿರ್ಬಂಧ ಬಂದದ್ದು ಇದರಿಂದಲೇ. ಬಾರೆಂಟ್ಸ್‌ಬರ್ಗಿನ ಮಣ್ಣಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ಹೇಳಬಹುದು. ಗೋವೆಯ ಶಿಕ್ಷಕರಿಗೆ ಇನ್ನೊಂದು ಕೊಂಡಿಯಿದೆ: ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ಇರುವ ಭಾರತದ ‘ಹಿಮಾದ್ರಿ’ ಸಂಶೋಧನಾ ನೆಲೆಯನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ವಾಸ್ಕೊದಲ್ಲಿಯೇ ಇದೆ.

ತರಗತಿಯಲ್ಲಿ ಮಾಡಲು ಆಲಿಕೆಯೂ ಬೇಡ. ಚಹಾ ಸೋಸುವ ಜರಡಿಯಲ್ಲಿ ತೆಳುಕಾಗದ ಹಾಸಿ, ಬದನೆ ಅಥವಾ ಟೊಮೇಟೊ ಗಿಡದ ಬುಡದ 50 ಗ್ರಾಂ ಹಸಿಮಣ್ಣನ್ನು ಹರಡಿ, ಮಣ್ಣಿನ ಅಡಿ ಮಾತ್ರ ತೋಯುವಷ್ಟು ನೀರಿರುವ ಬಟ್ಟಲಿನ ಮೇಲೆ ಒಂದು ಹಗಲು ಒಂದು ರಾತ್ರಿ ಇಟ್ಟರೆ ಸಾಕು. ಜರಡಿಯನ್ನು ಮೆಲ್ಲನೆ ಎತ್ತಿ ತೆಗೆದು, ಬಟ್ಟಲಿನ ನೀರನ್ನು ಲೋಟಕ್ಕೆ ಸುರಿದು, ಎರಡು ಗಂಟೆ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಚೆಲ್ಲಿ ತಳದ 10 ಮಿಲಿಲೀಟರ್ ಉಳಿಸಿಕೊಳ್ಳಬೇಕು. ಅದನ್ನು ಕಲಕಿ 1 ಮಿಲಿಲೀಟರ್ ತೆಗೆದು ಎಣಿಸಿ, ಮತ್ತೆ ಅದಕ್ಕೇ ಸೇರಿಸಿ, ಹೀಗೆ ಮೂರು ಬಾರಿ ಎಣಿಸಿ ಸರಾಸರಿಯನ್ನು ಹತ್ತರಿಂದ ಗುಣಿಸಬೇಕು. ಬಯಲುಶೌಚದ ಜಾಗದ ಮಣ್ಣನ್ನು ಎಂದಿಗೂ ತರಬಾರದು. ಬೇರ್ಮನ್ ಈ ಉಪಾಯದಿಂದ ಹಿಡಿದದ್ದು ಕೊಕ್ಕೆಹುಳುವನ್ನು ಎಂಬುದು ನೆನಪಿರಲಿ. ಕೆಲಸದ ಕೊನೆಗೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು. ಎರಡು ಗುಂಪುಗಳಿಗೆ ಒಂದೇ ಮಣ್ಣನ್ನು ಕೊಟ್ಟು, ಒಂದು ಗುಂಪು 24 ಗಂಟೆ, ಇನ್ನೊಂದು 48 ಗಂಟೆ ಕಾಯಲಿ. ಸಂಖ್ಯೆಯ ಪಕ್ಕದಲ್ಲಿಯೇ ಮಣ್ಣು ತಂದ ಜಾಗ, ಕಾದ ಗಂಟೆ, ಕೋಣೆಯ ಉಷ್ಣತೆ, ಒಣಮಣ್ಣಿನ ತೂಕ, ಸೂಜಿಬಾಯಿ ಕಂಡ ಹುಳುಗಳೆಷ್ಟು, ಕಂಡಿತೋ ಇಲ್ಲವೋ ಎಂದು ಅನುಮಾನ ಉಳಿದವೆಷ್ಟು ಎಂಬಿವನ್ನು ಮಕ್ಕಳು ಬರೆದಿಡಲಿ. ಅನುಮಾನದ ಕಲಂ ಖಾಲಿ ಬಿಟ್ಟ ಗುಂಪಿಗೆ ಅದೇ ನೀರನ್ನು ಇನ್ನೊಮ್ಮೆ ನೋಡಲು ಹೇಳಿರಿ.